ಮಿಡತೆ ಬಂದ ದಿನ ಹುಟ್ಟಿದವಳು

ನಮ್ಮ ಸಾಂತಾ ಒಲಿವಾದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಾರೂ ಬದುಕಿರುವುದಿಲ್ಲ. ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ, ನಾಯಿಗಳು ನಡುರಸ್ತೆಯಲ್ಲೇ ಒರಗಿರುತ್ತವೆ, ಚರ್ಚಿನ ಗಡಿಯಾರ ಕೂಡ ಒಂದೊಂದು ದಿನ ಎರಡು ಗಂಟೆ ಹೊಡೆಯುವುದನ್ನು ಮರೆಯುತ್ತದೆ. ಆ ಹೊತ್ತಿನಲ್ಲಿ ಎಚ್ಚರವಾಗಿರುವವಳು ನಾನೊಬ್ಬಳೇ. ಮೂವತ್ತೊಂದು ವರ್ಷ ಈ ಊರಿನ ಜನನ ಮರಣ ನೋಂದಣಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಎಲ್ಲರೂ ಮಲಗಿದ ಮೇಲೆ ಹಳೆಯ ಪುಸ್ತಕಗಳನ್ನು ತೆರೆದು ಕೂರುವ ಚಟ ಅಲ್ಲಿ ಹತ್ತಿದ್ದು. ಆ ಪುಸ್ತಕಗಳಲ್ಲಿರುವವರು ಮಧ್ಯಾಹ್ನದ ಹೊತ್ತು ಹೊರಗೆ ಬಂದು ಖಾಲಿ ರಸ್ತೆಯಲ್ಲಿ ಓಡಾಡಿ ಹೋಗುತ್ತಾರೆ ಎಂದು ನನಗೆ ಗಟ್ಟಿಯಾದ ನಂಬಿಕೆ. ಯಾರಿಗೂ ಹೇಳಿಲ್ಲ. ಹೇಳಿದರೆ ಎರ್ಮೆಲಿಂದಾಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಈಗಲೇ ಅರ್ಧ ಊರು ಅನ್ನುತ್ತದೆ.

ನಿವೃತ್ತಿಯಾದ ಮೇಲೆ ನನಗೆ ಸಿಕ್ಕಿದ್ದು ಅದೇ ಕೆಲಸದ ಇನ್ನೊಂದು ತುದಿ. ಇಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಇಟಲಿಯಿಂದ ಹಡಗು ಹತ್ತಿ ಬಂದವನ ಮೊಮ್ಮಗನ ತಲೆಗೇ ಬೀಳುತ್ತದೆ. ಆ ದೇಶದ ಕಾನೂನಿನಲ್ಲಿ ರಕ್ತ ಹರಿದಲ್ಲೆಲ್ಲ ಪೌರತ್ವವೂ ಹರಿಯುತ್ತದೆ. ಇಲ್ಲಿಯವರಾಗಿದ್ದುಕೊಂಡೇ ಅಲ್ಲಿಯವರೂ ಆಗಬಹುದು. ಆದರೆ ರಕ್ತ ಹರಿದದ್ದನ್ನು ಕಾಗದದಲ್ಲಿ ತೋರಿಸಬೇಕು: ಮುತ್ತಾತನಿಂದ ಹಿಡಿದು ಇವತ್ತಿನವರೆಗೆ ಹುಟ್ಟಿದ್ದು, ಮದುವೆಯಾದದ್ದು, ಸತ್ತದ್ದು, ಒಂದೂ ಬಿಡದ ಹಾಗೆ. ಆ ಕಾಗದಗಳನ್ನೆಲ್ಲ ಹುಡುಕಿ ತೆಗೆದು, ಮುದ್ರೆ ಹಾಕಿಸಿ, ಇಟಲಿಯ ಭಾಷೆಗೆ ಮಾಡಿಸಿ, ರಬ್ಬರ್ ಬ್ಯಾಂಡ್ ಹಾಕಿದ ಒಂದು ಫೈಲಿನಲ್ಲಿ ಜೋಡಿಸಿಕೊಡುವವಳು ನಾನು.

ನನ್ನದೊಂದು ಪದ್ಧತಿ ಇದೆ. ಹಳೆಯ ಜನನ ಪತ್ರದ ನಕಲು ಕೈಗೆ ಬಂದ ಕೂಡಲೇ ಅದನ್ನು ಮುದ್ರೆಗೆ ಕಳಿಸುವುದಿಲ್ಲ. ಮೊದಲು ಆ ಮನೆಗೆ ಹೋಗಿ, ಎಲ್ಲರನ್ನೂ ಕೂರಿಸಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ಹುಟ್ಟಿದ್ದನ್ನು ಒಂದು ಸಲ ಕಿವಿಯಾರೆ ಕೇಳದವರು ಅರ್ಧ ನಿದ್ದೆಯಲ್ಲೇ ಬದುಕು ಮುಗಿಸುತ್ತಾರೆ ಅನ್ನುವುದು ನನ್ನ ಲೆಕ್ಕ. "ಎರ್ಮೆ ಪೂಜೆ ಮಾಡಿಸೋಕೆ ಬಂದ್ಲು" ಅಂತ ಜನ ನಗುತ್ತಾರೆ. ನಗಲಿ. ಓದಿ ಮುಗಿಸುವ ಹೊತ್ತಿಗೆ ನಕ್ಕವರೇ ಮೂಗು ಒರೆಸಿಕೊಳ್ಳುತ್ತಿರುತ್ತಾರೆ.

ಆ ಚಳಿಗಾಲ ನನ್ನ ಕೈಯಲ್ಲಿದ್ದದ್ದು ಯಾನಿನಾಳ ಫೈಲು. ಯಾನಿನಾ ಊರಿನ ಅಕಾರ್ಡಿಯನ್ನುಗಳನ್ನೆಲ್ಲ ರಿಪೇರಿ ಮಾಡುವವಳು, ಮೂವತ್ತೊಂದರ ಹುಡುಗಿ, ಕಡಿಮೆ ಮಾತು. ಮಾತಾಡದಿದ್ದಾಗಲೂ ಬೆರಳುಗಳು ಏನನ್ನೋ ನುಡಿಸುತ್ತಿರುತ್ತವೆ. ಇಟಲಿಯಲ್ಲಿ ಅಕಾರ್ಡಿಯನ್ ಮಾಡುವ ಒಂದು ಊರಿದೆ. ಅಲ್ಲಿಯ ಒಬ್ಬ ಮುದುಕ ಮೇಸ್ತ್ರಿ ಎರಡು ವರ್ಷ ಜೊತೆಯಲ್ಲಿಟ್ಟುಕೊಂಡು ಕಲಿಸುತ್ತೇನೆ ಅಂದಿದ್ದ. ಅವನಿಗೆ ಎಪ್ಪತ್ತೆಂಟು, ಕೈ ಆಗಲೇ ಸ್ವಲ್ಪ ನಡುಗುತ್ತದಂತೆ. ಕಾನ್ಸುಲೇಟಿನಲ್ಲಿ ನಾಲ್ಕು ವರ್ಷ ಕಾದು ಯಾನಿನಾಗೆ ಸಿಕ್ಕ ಸರದಿ ಆಗಸ್ಟ್ ಇಪ್ಪತ್ತಮೂರು. ಅದು ತಪ್ಪಿದರೆ ಮತ್ತೆ ಸಾಲಿನ ಬಾಲಕ್ಕೆ. ಮೇಸ್ತ್ರಿಯ ಕೈ ಅಲ್ಲಿಯವರೆಗೆ ಕಾಯುವುದಿಲ್ಲ.

ಎಲ್ಲ ಕಾಗದವೂ ಬಂದಿತ್ತು. ಉಳಿದದ್ದು ಅವಳ ಅಜ್ಜಿಯದೊಂದೇ. ಈ ವಂಶದಲ್ಲಿ ಇಟಲಿಯಿಂದ ಬಂದವನು ಬತ್ತಿಸ್ತಾ ಕ್ರವೆರೋ. ಅವನ ಮಗಳು ಕ್ಲೆಮೆಂತಿನಾ, ಅವಳ ಮಗ ನಾಲ್ಕು ವರ್ಷದ ಹಿಂದೆ ತೀರಿಕೊಂಡ ನಮ್ಮ ರೂಬೆನ್, ಅವನ ಮಗಳು ಯಾನಿನಾ. ಕ್ಲೆಮೆಂತಿನಾ ಅಜ್ಜಿ ಗಟ್ಟಿಮುಟ್ಟಾಗಿ ಬದುಕಿದ್ದಳಾದ್ದರಿಂದ ಅವಳದೇ ಒಂದು ಸಹಿಯೂ ಬೇಕಿತ್ತು: ಈ ಜನನ ಪತ್ರ ನನ್ನದು, ಅಪ್ಪನ ದೇಶವನ್ನು ನಾನು ಯಾವತ್ತೂ ಬಿಟ್ಟುಕೊಟ್ಟಿಲ್ಲ ಎಂದು ನೋಟರಿಯ ಮುಂದೆ.

ಜುಲೈ ಕೊನೆಯ ವಾರ, ಭೂಮಿಯ ಈ ದಕ್ಷಿಣದ ಬದಿಯಲ್ಲಿ ನಡುಚಳಿಗಾಲ. ಬೆಳಗ್ಗೆ ಬಿದ್ದ ಮಂಜು ಮಧ್ಯಾಹ್ನವಾದರೂ ಎದ್ದಿರಲಿಲ್ಲ. ಬೀದಿಯ ಆಚೆ ಬದಿಯ ಮನೆಗಳೂ ಕಾಣದೆ, ನಾನು ಬೇಲಿ ಮುಟ್ಟಿಕೊಂಡು ಕ್ಲೆಮೆಂತಿನಾ ಅಜ್ಜಿಯ ಮನೆ ತಲುಪಿದೆ. ಒಳಗೆ ಬೆಳ್ಳುಳ್ಳಿಯೂ ಉಪ್ಪು ಮೀನೂ ಕೆನೆಯಲ್ಲಿ ಬೇಯುವ ವಾಸನೆ. ನಮ್ಮವರಿಗೆ ಚಳಿಗಾಲ ಅಂದರೆ ಆ ಗೊಜ್ಜು. ಅಜ್ಜಿ ಸೌಟು ಹಿಡಿದು ಒಲೆಯ ಮುಂದೆ ನಿಂತಿದ್ದಳು.

"ಬಂದ್ಯಾ ಪಾದ್ರಿಣಿ? ಕೂತ್ಕೋ. ಓದೋದು ಬೇಗ ಓದು, ಗೊಜ್ಜು ತಳ ಹಿಡೀತದೆ."

"ದೋನ್ಯಾ ಕ್ಲೆಮೆಂತಿನಾ, ನೀವು ಹುಟ್ಟಿದ್ದನ್ನ ಓದ್ತಿದೀನಿ, ಗೊಜ್ಜಿಗೋಸ್ಕರ ಓಡೋಕಾಗಲ್ಲ. ಕೂತ್ಕೊಳ್ಳಿ."

ಕೂತಳು. ಯಾನಿನಾ ನಮ್ಮ ಕಡೆ ಚಹಾದಂತೆ ಹೀರುವ ಮಾಟೇ ಸೊಪ್ಪಿನ ಸೋರೆಬುರುಡೆಗೆ ಬಿಸಿನೀರು ಹುಯ್ದು ನನ್ನ ಕೈಗೆ ಕೊಟ್ಟಳು. ನಾನು ಒಂದು ಗುಟುಕು ಹೀರಿ, ಕನ್ನಡಕ ಏರಿಸಿ, ಶುರು ಮಾಡಿದೆ.

"ಸಾವಿರದ ಒಂಬೈನೂರ ಮೂವತ್ತನಾಲ್ಕನೆಯ ಇಸವಿ ಮಾರ್ಚ್ ಹನ್ನೆರಡರಂದು ನನ್ನ ಮುಂದೆ ಹಾಜರಾದ ಬತ್ತಿಸ್ತಾ ಕ್ರವೆರೋ, ವಯಸ್ಸು ಮೂವತ್ತಾರು, ಇಟಲಿಯವನು, ಬೇಸಾಯಗಾರ, ಓದು ಬರಹ ಬಲ್ಲವನು, ಹೇಳಿದ್ದೇನೆಂದರೆ: ಈ ತಿಂಗಳ ನಾಲ್ಕರಂದು ಬೆಳಗಿನ ಜಾವ ಐದು ಗಂಟೆಗೆ, ಹೊಲದ ತನ್ನ ಮನೆಯಲ್ಲಿ, ತನ್ನ ಹೆಂಡತಿ ಮಾರ್ಗಾರಿತಾ ಹೆಣ್ಣು ಮಗುವನ್ನು ಹೆತ್ತಿದ್ದು, ಮಗುವಿಗೆ ಕ್ಲೆಮೆಂತಿನಾ ಎಂದು ಹೆಸರಿಡಲಾಗಿದೆ. ಮಗುವನ್ನು ನಾನು ಕಣ್ಣಾರೆ ಕಂಡಿದ್ದೇನೆ."

ಕೊನೆಯ ಆ ಮಾತು ನನಗೆ ಬಹಳ ಇಷ್ಟ. ಹಳೆಯ ಗುಮಾಸ್ತರು ಮಗುವನ್ನು ನೋಡದೆ ಬರೆಯುತ್ತಿರಲಿಲ್ಲ. ನಾನು ತಲೆಯೆತ್ತಿ ಅಜ್ಜಿಯ ಮುಖ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ಅದು ನಾನಲ್ಲ," ಅಂದಳು.

"ನೋನಾ, ನಿದ್ದೆ ಬಂತಾ ನಿಂಗೆ?" ಯಾನಿನಾ ನಕ್ಕಳು. ಇಟಲಿಯವರ ಹಾಗೆ ಅವಳಿಗೂ ಅಜ್ಜಿ ಅಂದರೆ ನೋನಾ.

"ನಿದ್ದೆಯಿಲ್ಲ ಎಂಥದೂ ಇಲ್ಲ. ಆ ಮಗು ನಾನಲ್ಲ. ಅದು ನನ್ನ ಅಕ್ಕ."

ಒಲೆಯ ಮೇಲೆ ಗೊಜ್ಜು ಗುಳುಗುಳು ಅನ್ನುತ್ತಿತ್ತು. ಯಾರೂ ಏಳಲಿಲ್ಲ. ಅದು ಅವತ್ತು ನಿಜಕ್ಕೂ ತಳ ಹಿಡಿಯಿತು.

ಅಜ್ಜಿ ಹೇಳಿದ್ದು ಇಷ್ಟು. ಮೊದಲ ಕ್ಲೆಮೆಂತಿನಾ ಹದಿನಾಲ್ಕು ತಿಂಗಳ ಮಗುವಾಗಿದ್ದಾಗ ಗಂಟಲು ಕಟ್ಟಿ ಸತ್ತಳು. ಊರು ನಾಲ್ಕು ಹರದಾರಿ ದೂರ, ಬಿತ್ತನೆಯ ಕಾಲ. ಹೊಲದ ಬೇಲಿಯ ಬಳಿ ಬೇವಿನಂಥದೊಂದು ಮರದ ಕೆಳಗೆ ಮಣ್ಣು ಮಾಡಿದರು. ಸಾವನ್ನು ಯಾರೂ ಬರೆಸಲಿಲ್ಲ. ಆಗ ತಾಯಿ ಮತ್ತೆ ಬಸುರಿ. ಹುಟ್ಟಿದ್ದು ಹೆಣ್ಣೇ. ಹೆಸರಿತ್ತು, ಕಾಗದವಿತ್ತು, ತೊಟ್ಟಿಲಿತ್ತು, ಕಸೂತಿ ಹಾಕಿದ ಅಂಗಿಗಳಿದ್ದವು. ಎಲ್ಲವನ್ನೂ ಎರಡನೆಯವಳಿಗೆ ಕೊಟ್ಟರು.

ಇದನ್ನು ಕೇಳಿ ನನಗೆ ಆಶ್ಚರ್ಯವಾಗಲಿಲ್ಲ, ಅದೇ ನನ್ನ ಪಾಪ. ಇಟಲಿಯ ಪಿಯೆಮೊಂತೆ ಸೀಮೆಯಿಂದ ಬಂದ ನಮ್ಮ ಹಿರಿಯರು ಒಣಗಿದ ರೊಟ್ಟಿಯನ್ನೂ ಬಿಸಾಡದವರು, ದಾರದ ತುಂಡನ್ನೂ ಗಂಟು ಹಾಕಿ ಎತ್ತಿಡುವವರು. ಸತ್ತ ಮಗುವಿನ ಕಾಗದ ಹಾಳಾಗಿ ಹೋಗಲು ಬಿಡುತ್ತಾರೆಯೇ? ಕಚೇರಿಯಲ್ಲಿದ್ದಾಗ ಇಂಥವು ಐದಾರು ನನ್ನ ಕಣ್ಣಿಗೆ ಬಿದ್ದಿದ್ದವು. ಕಂಡೂ ಕಾಣದ ಹಾಗೆ ಪುಟ ತಿರುಗಿಸಿದ್ದೆ.

"ನಿಮಗೆ ಯಾರು ಹೇಳಿದ್ರು?" ಕೇಳಿದೆ.

"ಅಮ್ಮ. ಸಾಯೋ ಮುಂಚೆ. ಆ ಕಾಗದ ನಿಂದಲ್ಲ ಕಣೇ, ನೀನು ಹುಟ್ಟಿದ್ದು ಮಿಡತೆ ಬಂದ ದಿನ ಅಂದ್ಲು. ಗಂಡಸರೆಲ್ಲ ಅವನ್ನ ಓಡ್ಸೋಕೆ ಹೊಲದಲ್ಲಿ ಡಬ್ಬ ಬಡೀತಿದ್ರಂತೆ, ನಾನು ಅತ್ತದ್ದು ಯಾರಿಗೂ ಕೇಳಿಸ್ಲಿಲ್ವಂತೆ. ಯಾವ ತಾರೀಕಮ್ಮಾ ಅಂತ ಕೇಳೋ ಹೊತ್ತಿಗೆ ಅವಳ ಮಾತೇ ನಿಂತುಹೋಗಿತ್ತು."

"ಮತ್ತೆ ಪ್ರತಿ ವರ್ಷ ಮಾರ್ಚ್ ನಾಲ್ಕಕ್ಕೆ ಕೇಕ್ ಕತ್ತರಿಸ್ತಿದ್ಯಲ್ಲ ನೋನಾ?"

"ಕತ್ತರಿಸ್ತಿದ್ದೆ. ಅವಳ ಕೇಕು. ಪಾಪ, ಅವಳಿಗೆ ಆಗಿದ್ದು ಒಂದೇ ಮೇಣದಬತ್ತಿ. ಮಿಕ್ಕಿದ್ದೆಲ್ಲ ಅವಳ ಪರವಾಗಿ ನಾನೇ ಆರಿಸ್ದೆ."

ಆಮೇಲೆ ಒಂದು ಕನಸು ಹೇಳಿದಳು. ಚಿಕ್ಕಂದಿನಿಂದಲೂ ಬೀಳುವ ಕನಸು. ಮಣ್ಣುರಸ್ತೆ, ಎರಡೂ ಕಡೆ ಗೋಧಿ. ಸ್ವಲ್ಪ ಮುಂದೆ ಬಿಳಿ ಅಂಗಿಯ ಒಂದು ಮಗು ತಟ್ಟಾಡುತ್ತ ಹೋಗುತ್ತಿರುತ್ತದೆ. ಇವಳು ಎಷ್ಟು ಬೇಗ ನಡೆದರೂ ಹಿಡಿಯಲು ಆಗುವುದಿಲ್ಲ. ಇವಳಿಗೆ ಇಪ್ಪತ್ತಾಯಿತು, ಐವತ್ತಾಯಿತು, ಎಂಬತ್ತಾಯಿತು, ಮಗು ಮಾತ್ರ ಅಷ್ಟೇ ಇದೆ, ಅಷ್ಟೇ ದೂರದಲ್ಲಿದೆ. ಒಂದು ಸಲವೂ ತಿರುಗಿ ನೋಡಿಲ್ಲ.

ನನಗೆ ಮೈ ಜುಂ ಅಂದಿತು. ಆದರೆ ನನ್ನ ಸ್ವಭಾವ ಕೆಟ್ಟದು. ಮೈ ಜುಂ ಅಂದಾಗಲೇ ಸಿಡುಕು ಬರುವುದು.

"ಅಲ್ಲಾ, ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೋರು ಇನ್ನೊಂದು ಇಪ್ಪತ್ತೈದು ದಿನ ಸುಮ್ನಿರೋಕೆ ಏನಾಗಿತ್ತು? ಇಬ್ರಿಗೂ ಅಪ್ಪ ಒಬ್ನೇ ತಾನೆ? ರಕ್ತದಲ್ಲಿ ಯಾರಿಗೂ ಒಂದು ಹನಿ ಮೋಸ ಆಗಲ್ಲ. ಸಹಿ ಹಾಕಿಬಿಡಿ."

ಅಜ್ಜಿ ನನ್ನನ್ನು ನೋಡಿದ ರೀತಿಗೆ ನಾನು ಬುರುಡೆಯನ್ನು ಮೇಜಿನ ಮೇಲಿಟ್ಟೆ.

"ಕೇಳು ಎರ್ಮೆ. ಈ ಊರಲ್ಲಿ ನನ್ನ ಮುಖ ಎಲ್ರಿಗೂ ಗೊತ್ತು. ಕಾಗದ ಯಾರದ್ದಾದ್ರೆ ಏನು, ನಾನು ನಾನೇ. ಆದ್ರೆ ಅಪ್ಪನ ಊರಲ್ಲಿ ನನ್ನ ಮುಖ ನೋಡಿದೋರು ಯಾರಿದಾರೆ? ಅಲ್ಲಿ ಆ ಕಾಗದವೇ ನಾನು. ಸಹಿ ಹಾಕಿದ್ರೆ ಅಲ್ಲಿ ಅವಳಿರ್ತಾಳೆ. ನಾನು ಎಲ್ಲೂ ಇರಲ್ಲ. ಅಲ್ಲೂ ಇಲ್ಲ, ಇಲ್ಲಿಯ ಪುಸ್ತಕದಲ್ಲೂ ಇಲ್ಲ. ಹುಟ್ಟಿದ ದಿನ ಒಂದಿಲ್ದೆ ಸಾಯೋದು ನಂಗೆ ಬೇಡ. ನನ್ನ ದಿನ ಯಾವ್ದು ಅಂತ ಹುಡುಕಿಕೊಡು. ಆಮೇಲೆ ಎಲ್ಲಿ ಬೇಕಾದ್ರೂ ಹಾಕ್ತೀನಿ ಸಹಿ."

ಬಾಗಿಲವರೆಗೆ ಯಾನಿನಾ ಬಂದಳು. ನ್ಯಾಯಾಲಯಕ್ಕೆ ಹೋದರೆ ಸರಿ ಮಾಡಿಸಬಹುದು, ಆದರೆ ಎರಡು ವರ್ಷ ಹಿಡಿಯುತ್ತದೆ ಎಂದೆ. ಅಕ್ಕನ ಸಾವನ್ನು ಈಗ ಬರೆಸಲು ಹೊರಟರೆ ಕಾಗದದಲ್ಲಿ ಸಾಯುವುದು ಈ ಅಜ್ಜಿಯೇ, ಮರುತಿಂಗಳು ಪಿಂಚಣಿಯೂ ನಿಲ್ಲುತ್ತದೆ ಎಂದೆ. ಅವಳ ಬೆರಳುಗಳು ಬಾಗಿಲ ಚೌಕಟ್ಟಿನ ಮೇಲೆ ಏನೋ ನುಡಿಸುತ್ತಿದ್ದವು.

"ನೋನಾಗೆ ಬಲವಂತ ಮಾಡ್ಬೇಡಿ, ದೋನ್ಯಾ ಎರ್ಮೆ," ಅಂದಳು. "ಸರದಿ ಹೋದ್ರೆ ಹೋಗ್ಲಿ." ಅಷ್ಟು ಹೇಳುವಾಗ ಬೆರಳು ನಿಂತಿತ್ತು. ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು.

ಸರ್ಕಾರದ ಪುಸ್ತಕದಲ್ಲಿ ಅಜ್ಜಿಯ ದಿನ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ನಮ್ಮ ಹಿರಿಯರ ಇನ್ನೊಂದು ಗುಣವೂ ಗೊತ್ತಿತ್ತು. ಸರ್ಕಾರಕ್ಕೆ ಸುಳ್ಳು ಹೇಳಲು ಹಿಂದೆ ಮುಂದೆ ನೋಡದವರು ದೇವರಿಗೆ ಸುಳ್ಳು ಹೇಳಲು ಹೆದರುತ್ತಿದ್ದರು. ಒಂದೇ ಕಾಗದದಲ್ಲಿ ಇಬ್ಬರನ್ನು ಸಾಕಬಹುದು, ಪಾದ್ರಿ ಮಗುವಿನ ತಲೆಗೆ ನೀರು ಹಾಕುವ ಒಂದೇ ಜ್ಞಾನಸ್ನಾನದಲ್ಲಿ ಇಬ್ಬರನ್ನು ಸ್ವರ್ಗಕ್ಕೆ ಕಳಿಸಲಾಗುವುದಿಲ್ಲ.

ಚರ್ಚಿನ ಹಳೆಯ ಪುಸ್ತಕಗಳ ಬೀಗದ ಕೈ ದೋನ್ ಎವರಿಸ್ತೋನ ಬಳಿ. ಪಾದ್ರಿಗೆ ಲೆಕ್ಕಪತ್ರ ಬರೆದುಕೊಡುವ ಮುದುಕ. ಮಧ್ಯಾಹ್ನವೇ ಬಾ, ನಾನು ಇಲ್ಲೇ ಇರುತ್ತೇನೆ ಅಂದ. ಇರುತ್ತಿದ್ದದ್ದು ಪಾಪನಿವೇದನೆಯ ಗೂಡಿನಲ್ಲಿ, ಗೊರಕೆ ಹೊಡೆಯುತ್ತ. ನಾನು ಬಣ್ಣದ ಗಾಜಿನ ಕೆಳಗೆ ಮೇಜು ಎಳೆದುಕೊಂಡು ಕೂತೆ. ಮೊದಲ ಕ್ಲೆಮೆಂತಿನಾ ಸತ್ತದ್ದು ಮೂವತ್ತೈದರ ಮೇ ತಿಂಗಳು. ಆಗ ತಾಯಿ ಬಸುರಿ ಅಂದರೆ ಎರಡನೆಯವಳು ಅದೇ ವರ್ಷ ಹುಟ್ಟಿರಬೇಕು. ಮಿಡತೆ ಬರುವುದು ವಸಂತದಲ್ಲಿ, ಅಂದರೆ ಸೆಪ್ಟೆಂಬರಿನಿಂದ ಆಚೆಗೆ. ಸೆಪ್ಟೆಂಬರ್ ನೋಡಿದೆ, ಅಕ್ಟೋಬರ್ ನೋಡಿದೆ, ನವೆಂಬರ್ ನೋಡಿದೆ, ಡಿಸೆಂಬರಿನ ಕೊನೆಯ ಗೆರೆಯವರೆಗೂ ನೋಡಿದೆ. ಕ್ರವೆರೋ ಎಂಬ ಮನೆತನವೇ ಇಲ್ಲ.

ಮತ್ತೆ ಮೊದಲಿನಿಂದ ನೋಡಿದೆ. ಒಂದು ವಾರ ಹೀಗೇ ಹೋಯಿತು. ನೀಲಿ, ಕೆಂಪು ಬೆಳಕಿನ ತುಂಡುಗಳು ಪುಟದ ಮೇಲೆ ಮೆಲ್ಲಗೆ ಸರಿದು ಗೋಡೆ ಹತ್ತುತ್ತಿದ್ದವು. ಹೆಸರುಗಳನ್ನು ಓದುತ್ತ ಓದುತ್ತ ನನಗೇ ತೂಕಡಿಕೆ ಬಂದು, ಎಲ್ಲಿಯೋ ದೂರದಲ್ಲಿ ಡಬ್ಬ ಬಡಿದ ಸದ್ದು ಕೇಳುತ್ತಿತ್ತು. ಎದ್ದು ನೋಡಿದರೆ ಎವರಿಸ್ತೋನ ಗೊರಕೆ. ದೇವರೂ ಮರೆತುಬಿಟ್ಟನೇನೋ ಈ ಮಗುವನ್ನು ಎಂದು ಒಂದು ದಿನ ನನಗೆ ಅಳುವೇ ಬಂತು. ಮುದುಕಿಯ ಮುಂದೆ ಬರಿಗೈಯಲ್ಲಿ ಹೋಗಿ ನಿಲ್ಲುವುದು ಹೇಗೆ?

ಆಗಸ್ಟ್ ಹನ್ನೊಂದು. ನಾನು ಪುಸ್ತಕ ಮುಚ್ಚಿ ಬೀಗದ ಕೈ ವಾಪಸ್ ಕೊಡಲು ಗೂಡಿನ ಪರದೆ ಸರಿಸಿದೆ. ಎವರಿಸ್ತೋ ಆಕಳಿಸಿದ.

"ಸಿಗ್ಲಿಲ್ವಾ?"

"ಇಲ್ಲ. ನಾಲ್ಕು ತಿಂಗಳ ಪುಟಗಳನ್ನೂ ಮೂರು ಸಲ ಜಾಲಾಡಿದೆ."

"ಅಕ್ಟೋಬರ್‌ನಲ್ಲಿ ಹುಡುಕಿದ್ರೆ ಹೊಲದೋರು ಎಲ್ಲಿ ಸಿಗ್ತಾರೆ ಮಾರಾಯ್ತಿ? ಗೋಧಿ ಕೊಯ್ಲು ಮುಗೀದೆ ಈ ಜನ ಸಾಯೋದೂ ಇಲ್ಲ. ಈಗ್ಲೂ ನೋಡು, ಮದುವೆ, ನಾಮಕರಣ, ಎಲ್ಲ ನನ್ನ ತಲೆ ಮೇಲೆ ಜನವರೀಲೇ ತಂದು ಹಾಕ್ತಾರೆ. ಆ ಸೆಕೆಯಲ್ಲಿ!"

ನಾನು ಹಣೆ ಚಚ್ಚಿಕೊಂಡೆ. ಅದು ಎವರಿಸ್ತೋಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ನಾನು ಹುಡುಕುತ್ತಿದ್ದದ್ದು ಹುಟ್ಟಿದ ದಿನವನ್ನು. ಹುಡುಕಬೇಕಿದ್ದದ್ದು ಗಾಡಿ ಕಟ್ಟಿಕೊಂಡು ಊರಿಗೆ ಬಂದ ದಿನವನ್ನು.

ಮುಂದಿನ ವರ್ಷದ ಪುಸ್ತಕ ತೆಗೆದೆ. ಮೂವತ್ತಾರರ ಜನವರಿ ಹತ್ತೊಂಬತ್ತು, ಭಾನುವಾರ. ಅವತ್ತು ಒಂದೇ ದಿನ ಹನ್ನೊಂದು ಮಕ್ಕಳಿಗೆ ನೀರು ಹಾಕಿದ್ದಾರೆ. ಏಳನೆಯದು ಅವಳು. ಓದಿದೆ, ಮತ್ತೆ ಓದಿದೆ, ಎವರಿಸ್ತೋನ ಕತ್ತು ತಬ್ಬಿ ಮುತ್ತು ಕೊಟ್ಟೆ. ಪಾಪ, ಅವನು ಇನ್ನೂ ಅದರಿಂದ ಚೇತರಿಸಿಕೊಂಡಿಲ್ಲ.

ಅವನು ಮುದ್ರೆ ಒತ್ತಿ ಬರೆದುಕೊಟ್ಟ ನಕಲನ್ನು ಎದೆಗೆ ಅವಚಿಕೊಂಡು ಹೊರಗೆ ಬಂದೆ. ಚರ್ಚಿನ ಮೆಟ್ಟಿಲಿನಿಂದ ನನ್ನ ಹಳೆಯ ಕಚೇರಿಯ ಬಾಗಿಲವರೆಗೆ ಹೆಜ್ಜೆ ಎಣಿಸಿದೆ. ಇನ್ನೂರ ಹನ್ನೆರಡು. ಅವತ್ತು ಬತ್ತಿಸ್ತಾ ಕ್ರವೆರೋ ಮಗುವನ್ನು ಎತ್ತಿಕೊಂಡು ಇಷ್ಟು ನಡೆದಿದ್ದರೆ ಸಾಕಿತ್ತು. ನಡೆಯಲಿಲ್ಲ. ಅಲ್ಲಿ ಕ್ಲೆಮೆಂತಿನಾಳ ಕಾಗದ ಆಗಲೇ ಇತ್ತಲ್ಲ, ಎರಡೆರಡು ಯಾಕೆ. ಖಾಲಿ ರಸ್ತೆಯಲ್ಲಿ ನಿಂತು ಆ ಮನುಷ್ಯನನ್ನು ಬಾಯ್ತುಂಬ ಬೈದೆ. ಬೈಯುತ್ತಿರುವಾಗಲೇ, ಎಂಟು ತಿಂಗಳ ಹಿಂದೆ ಒಂದು ಮಗುವನ್ನು ಮಣ್ಣಿಗಿಟ್ಟವನು ಅದರ ಸಾವನ್ನು ಗಟ್ಟಿಯಾಗಿ ಹೇಳಿ ಬರೆಸಲು ಹೆದರಿರಬಹುದು ಅನ್ನಿಸಿತು. ಬರೆಸದೆ ಇದ್ದಷ್ಟು ದಿನ ಅವಳು ಪುಸ್ತಕದಲ್ಲಾದರೂ ಬದುಕಿರುತ್ತಾಳೆ. ಬೈಗುಳ ಬಾಯಲ್ಲೇ ಉಳಿಯಿತು.

ಮರುದಿನ ಮಧ್ಯಾಹ್ನ ಬರುತ್ತೇನೆಂದು ಹೇಳಿಕಳಿಸಿದ್ದೆ. ಹೋಗಿ ನೋಡಿದರೆ ಕ್ಲೆಮೆಂತಿನಾ ಅಜ್ಜಿ ಭಾನುವಾರದ ಕಡುನೀಲಿ ಉಡುಪು ತೊಟ್ಟು, ತಲೆ ಬಾಚಿ, ಕಿವಿಗೆ ಓಲೆ ಹಾಕಿಕೊಂಡು ಅಡುಗೆಮನೆಯಲ್ಲಿ ನೆಟ್ಟಗೆ ಕೂತಿದ್ದಳು. ಒಲೆ ಆರಿಸಿದ್ದಳು. ಪಾದಗಳನ್ನು ಜೋಡಿಸಿ ಇಟ್ಟುಕೊಂಡಿದ್ದಳು, ಮೊದಲ ದಿನ ಶಾಲೆಗೆ ಬಂದವರ ಹಾಗೆ.

"ಇದೀನಾ ನಾನು?" ಅಂದಳು.

"ಇದೀರಿ."

"ಹಾಗಾದ್ರೆ ನಿಧಾನಕ್ಕೆ ಓದು. ಗೊಜ್ಜು ಇಟ್ಟಿಲ್ಲ ಇವತ್ತು."

ಯಾನಿನಾ ಅವಳ ಕುರ್ಚಿಯ ಹಿಂದೆ ನಿಂತಳು. ಮೂವತ್ತೊಂದು ವರ್ಷ ಸಾವಿರಾರು ಹುಟ್ಟು ಬರೆದ ನಾನು ಈ ಒಂದು ಹುಟ್ಟಿಗಾಗಿ ಕನ್ನಡಕವನ್ನು ಎರಡು ಸಲ ಒರೆಸಿದೆ. ನೀರು ಕುಡಿದು ಶುರು ಮಾಡಿದೆ.

"ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿ ಜನವರಿ ಹತ್ತೊಂಬತ್ತರಂದು ಈ ಚರ್ಚಿನಲ್ಲಿ ನಾನು ಜ್ಞಾನಸ್ನಾನದ ವಿಧಿಗಳನ್ನು ಪೂರೈಸಿದ ಮಗು ಕ್ಲೆಮೆಂತಿನಾ, ಬತ್ತಿಸ್ತಾ ಕ್ರವೆರೋ ಮತ್ತು ಮಾರ್ಗಾರಿತಾರ ಮಗಳು. ಹುಟ್ಟಿದ್ದು ಕಳೆದ ಅಕ್ಟೋಬರ್ ಒಂಬತ್ತು, ಬುಧವಾರ, ಸಂಜೆ ನಾಲ್ಕು ಗಂಟೆಗೆ. ಮಗು ಉಳಿಯುವ ಭರವಸೆ ಇಲ್ಲದ್ದರಿಂದ ಸೂಲಗಿತ್ತಿಯೇ ಮನೆಯಲ್ಲಿ ನೀರು ಹಾಕಿದ್ದಳು. ತಂದೆ ಹೇಳಿದಂತೆ, ಆ ಹೊತ್ತಿಗೆ ಮಿಡತೆಯಿಂದ ಹಗಲೇ ಕತ್ತಲಾಗಿತ್ತು, ಎಲ್ಲರೂ ಹೊಲದಲ್ಲಿ ಡಬ್ಬ ಬಡಿಯುತ್ತಿದ್ದರು. ತಂದೆ ಮಾತ್ರ ಬಡಿಯುವುದನ್ನು ಬಿಟ್ಟು ಕಿಟಕಿಯ ಬಳಿ ಬಂದು ಕಿವಿಗೊಟ್ಟಿದ್ದ, ಮಗು ಅತ್ತದ್ದನ್ನು ಕೇಳಿದ. ಇದೇ ಹೆಸರಿನ ಅಕ್ಕ ಕಳೆದ ಮೇ ತಿಂಗಳು ತೀರಿಕೊಂಡು ಹೊಲದಲ್ಲೇ ಮಣ್ಣಾಗಿದ್ದಾಳೆ. ಅವಳಿಗಾಗಿಯೂ ಪ್ರಾರ್ಥಿಸಲಾಯಿತು."

ಮುಗಿಯಿತು. ಹೊರಗೆ ಮಂಜು ಕಿಟಕಿಗೆ ಒತ್ತಿಕೊಂಡು ನಿಂತಿತ್ತು.

"ಕೇಳಿಸ್ಕೊಂಡಿದ್ದ," ಅಂದಳು ಅಜ್ಜಿ. "ಅಪ್ಪ ಕೇಳಿಸ್ಕೊಂಡಿದ್ದ. ಅಮ್ಮಂಗೇ ಗೊತ್ತಿರ್ಲಿಲ್ಲ."

ಅವಳು ಅತ್ತಳು. ನಾವು ಮೂವರೂ ಅತ್ತೆವು, ಅದರಲ್ಲಿ ಮುಚ್ಚಿಡುವುದೇನಿದೆ. ಆಮೇಲೆ ಅಜ್ಜಿ ಒಲೆಯ ಪಕ್ಕ ನೇತುಹಾಕಿದ್ದ ಅಡುಗೆಯ ಬಟ್ಟೆಯಲ್ಲೇ ಮೂಗು ಒರೆಸಿಕೊಂಡು ಕೇಳಿದಳು:

"ಹಾಗಾದ್ರೆ ಈಗ ನಂಗೆ ಎಷ್ಟು?"

"ಎಂಬತ್ತೆರಡು. ಅಕ್ಟೋಬರಿಗೆ ಎಂಬತ್ತಮೂರು."

"ನೋಡಿದ್ಯಾ ಯಾನಿ? ಬೆಳಗ್ಗೆ ಎದ್ದಾಗ ಎಂಬತ್ನಾಲ್ಕಿತ್ತು. ಮೊಣಕಾಲು ಆಗಲೇ ಹಗುರಾಯ್ತು." ಆಮೇಲೆ ನನ್ನ ಕಡೆ ತಿರುಗಿ, "ಪಿಂಚಣಿಯೋರ ಹತ್ರ ಬಾಯಿ ಬಿಟ್ಟೀಯಾ, ಜೋಕೆ!"

ಆ ಕಾಗದಕ್ಕೆ ಯಾವ ಕಚೇರಿಯಲ್ಲೂ ಮೂರು ಕಾಸಿನ ಬೆಲೆಯಿಲ್ಲ, ನಿಮ್ಮ ಸರ್ಕಾರಿ ದಿನ ಮಾರ್ಚ್ ನಾಲ್ಕೇ ಆಗಿ ಉಳಿಯುತ್ತದೆ ಎಂದು ನಾನು ಹೇಳಲೇಬೇಕಿತ್ತು, ಹೇಳಿದೆ. ಅವಳು ಅದನ್ನು ನಾಲ್ಕಾಗಿ ಮಡಿಸಿ ಉಡುಪಿನ ಒಳಗೆ, ಎದೆಯ ಬಳಿ ಇಟ್ಟುಕೊಂಡಳು.

"ಕಚೇರಿಗೆ ಯಾರು ಕೊಡ್ತಾರೆ ಇದನ್ನ? ಇದು ನಂದು. ಅದನ್ನ ತಾ, ಎಲ್ಲಿ ಸಹಿ ಹಾಕ್ಬೇಕು?"

ಮರುದಿನ ನೋಟರಿಯ ಮುಂದೆ ಹಾಕಿದಳು. ದೊಡ್ಡ ದುಂಡು ಅಕ್ಷರ. ಸುಳ್ಳಿಗೆ ಸಹಿ ಹಾಕಿಸಿದೆನೇ ಎಂದು ಮನೆಯ ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡದ್ದು ನಿಜ. ಎಂಬತ್ತು ವರ್ಷ ಹೊತ್ತುಕೊಂಡ ಹೆಸರು ಅವಳದೇ, ಅಪ್ಪನೂ ಅವಳ ಅಪ್ಪನೇ. ಅಷ್ಟು ಸಾಕು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ.

ಆಗಸ್ಟ್ ಇಪ್ಪತ್ತಮೂರರ ಬೆಳಗ್ಗೆ ಯಾನಿನಾಳನ್ನು ಕಾನ್ಸುಲೇಟ್ ಇರುವ ನಗರದ ಬಸ್ಸಿಗೆ ಹತ್ತಿಸಲು ಹೋದೆವು. ಮತ್ತೆ ಮಂಜು. ಬಸ್ಸಿನ ದೀಪಗಳು ಎಲ್ಲಿಯೂ ತಾಗದೆ ಗಾಳಿಯಲ್ಲಿ ತೇಲುತ್ತಿದ್ದವು. ಅಜ್ಜಿ ಬರುವುದು ಬೇಡ ಅಂದರೂ ಬಂದಿದ್ದಳು. ಕೈಯಲ್ಲಿ ಒಂದು ಸಣ್ಣ ಉಣ್ಣೆಯ ಹೊದಿಕೆ, ತೊಳೆದು ತೊಳೆದು ಹಳದಿಯಾಗಿದ್ದು. ತೊಟ್ಟಿಲಿನಲ್ಲಿ ಮೊದಲು ಅಕ್ಕನಿಗೆ, ಆಮೇಲೆ ತನಗೆ ಹೊದಿಸಿದ್ದಂತೆ.

"ನಿನ್ನೆ ಮಧ್ಯಾಹ್ನ ಮಲಗಿದ್ದಾಗ ಕನಸಲ್ಲಿ ಅವಳು ತಿರುಗಿ ನೋಡಿದ್ಲು," ಎಂದು ನನ್ನ ಕಿವಿಯಲ್ಲಿ ಹೇಳಿದಳು. "ಮೂಗು ನಮ್ಮಪ್ಪಂದೇ, ಪಾಪ. ದೊಡ್ಡವಳಾಗಿದ್ರೆ ಗಂಡು ಸಿಗೋದು ಕಷ್ಟವಾಗ್ತಿತ್ತು."

ಯಾನಿನಾ ಕಾಗದಗಳ ಫೈಲನ್ನು ಎದೆಗೆ ಹಿಡಿದುಕೊಂಡಿದ್ದಳು. ಅಜ್ಜಿ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು. ರಬ್ಬರ್ ಬ್ಯಾಂಡ್ ಸರಿಯಾಗಿ ಕೂತಿದೆಯಾ ಎಂದು ನೋಡಿದಳು. ಆಮೇಲೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಹೊದಿಕೆ ಹಾಸಿ, ಫೈಲನ್ನು ಅದರ ನಡುವೆ ಮಲಗಿಸಿ, ಒಂದು ತುದಿಯನ್ನು ಕೆಳಗಿನಿಂದ, ಎರಡು ತುದಿಗಳನ್ನು ಪಕ್ಕದಿಂದ ಮಡಿಸಿ ಸುತ್ತಿದಳು. ಹತ್ತಾರು ಮಕ್ಕಳನ್ನು ಸುತ್ತಿದ ಕೈ ಅದು, ಎಲ್ಲಿಯೂ ತಡವರಿಸಲಿಲ್ಲ.

"ನೋನಾ, ಕಾಗದ ಅದು," ಅಂದಳು ಯಾನಿನಾ.

"ಗೊತ್ತು ಕಣೇ. ಕರ್ಕೊಂಡು ಹೋಗು ಅವಳನ್ನ. ಹದಿನಾಲ್ಕು ತಿಂಗಳಲ್ಲಿ ಏನು ನೋಡಿದಾಳು, ಒಂದು ಹೊಲ, ಒಂದು ಬೇಲಿ. ಅಪ್ಪನ ಊರನ್ನಾದ್ರೂ ನೋಡ್ಲಿ. ನಾನು ಇಲ್ಲೇ ಇರ್ತೀನಿ, ನಂಗೆ ನಂದಿದೆ." ಎದೆಯ ಬಳಿ, ಉಡುಪಿನ ಮೇಲಿನಿಂದಲೇ ಒಮ್ಮೆ ಮುಟ್ಟಿ ನೋಡಿಕೊಂಡಳು.

ಯಾನಿನಾ ಆ ಪುಟ್ಟ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಸ್ಸು ಹತ್ತಿದಳು. ಚಾಲಕ ಅದನ್ನು ನೋಡಿ, ಮಗುವಿನ ಜೊತೆ ಬಂದಿದ್ದೀರಿ, ಮುಂದಿನ ಸೀಟಿನಲ್ಲಿ ಕೂತುಕೊಳ್ಳಿ ಎಂದ. ಅವಳು ಕೂತಳು.

"ಮುಖ ಮುಚ್ಚಬೇಡ," ಅಜ್ಜಿ ಕೆಳಗಿನಿಂದ ಕೂಗಿದಳು. "ಕಿಟಕಿ ಕಡೆ ಇಟ್ಕೋ ಅವಳನ್ನ."